ಗರಗಸದ ಮೇಜಿಗೊಂದು ಬಂಡಿ

ಹೋದ ವರ್ಷ ಹೋಳಿ ಹುಣ್ಣಿಮೆಗೆ ಇನ್ನೊಂದು ವಾರವಿರುವಾಗ ಉಸ್ತಾದರು ನನ್ನ 12 ಪೆಟ್ಟಿಗೆಗಳನ್ನು ಹಿಂದಕ್ಕೆ ಕೊಟ್ಟರು. ಬೀದರಿನ ಹಳೆಯ ಊರಿನಲ್ಲಿ, ಚೌಬಾರದ ಆಸುಪಾಸಿನಲ್ಲಿ ಅವರ ಬಿದರಿ ಕೆಲಸದ ಕೋಣೆಯಿದೆ. ಅವರು ಮಾಡುವ ಹೂದಾನಿ, ತಟ್ಟೆ, ಅತ್ತರದಾನಿಗಳನ್ನು ಇಟ್ಟು ಕೊಡಲು ಸಾಗವಾನಿಯ ಪೆಟ್ಟಿಗೆ ಮಾಡಿಕೊಡುವುದು ನನ್ನ ಕೆಲಸ. ಅವರು ಬೈಯಲಿಲ್ಲ. ಒಂದು ಪೆಟ್ಟಿಗೆಯನ್ನು ಗಾಜಿನ ಕಪಾಟಿನ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದರು. ಎದುರು ಮೂಲೆ ಎದ್ದು ಟಕ್ಕೆಂದು ಸದ್ದು ಮಾಡಿತು. ಆಮೇಲೆ ತಾವು ಮುಗಿಸಿದ್ದ ಒಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಕಪ್ಪು ಲೋಹದಲ್ಲಿ ಕೂತಿದ್ದ ಬೆಳ್ಳಿಯ ತಂತಿಯ ಮೇಲೆ ಉಗುರು ಎಳೆಯಲು ಹೇಳಿದರು. ಉಗುರು ಎಲ್ಲಿಯೂ ತಡೆಯಲಿಲ್ಲ.

"ಭೈಯಾ, ಇಲ್ಲಿ ಉಗುರು ಸಿಕ್ಕಿಕೊಂಡರೆ ನಾನು ಇದನ್ನು ಮಾರುವುದಿಲ್ಲ. ಇದು ಇರುವ ಮನೆ ಅಲುಗಾಡಬಾರದಲ್ಲವೇ?" ಎಂದರು.

ಪೆಟ್ಟಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಅಂಗಡಿಗೆ ಬಂದೆ. ಮೂಲೆ ನೇರವಿದೆಯೇ ಎಂದು ನೋಡುವ ಗುನಿಯಾ ಹಿಡಿದು ಒಂದೊಂದೇ ಹಲಗೆಯನ್ನು ನೋಡಿದಾಗ ತಪ್ಪು ಎಲ್ಲಿದೆ ಎಂಬುದು ಸ್ಪಷ್ಟವಾಯಿತು. ಮೇಜಿನ ನಡುವಿನಿಂದ ದುಂಡು ಬ್ಲೇಡು ಮೇಲೆದ್ದು ತಿರುಗುವ ಟೇಬಲ್ ಸಾ ಯಂತ್ರದ ಜೊತೆ ಬಂದಿದ್ದ ಕೋನದ ಗೇಜಿಗೆ ಹಲಗೆಯನ್ನು ಒತ್ತಿ ಅಡ್ಡಗೊಯ್ತ ಮಾಡುತ್ತಿದ್ದೆ. ಆ ಗೇಜಿನ ಸರಳು ಮೇಜಿನ ಕಾಲುವೆಯಲ್ಲಿ ಸಡಿಲವಾಗಿತ್ತು. ಪ್ರತಿ ಕೊಯ್ತವೂ ನೇರಕ್ಕಿಂತ ಕೂದಲೆಳೆಯಷ್ಟು ಆಚೆ ಈಚೆ ಹೋಗುತ್ತಿತ್ತು. ಒಂದು ಹಲಗೆಯಲ್ಲಿ ಅದು ಕಾಣುವುದಿಲ್ಲ. ನಾಲ್ಕು ಹಲಗೆ ಸೇರಿ ಪೆಟ್ಟಿಗೆಯಾದಾಗ ಮಾತ್ರ ಮೂಲೆ ಎದ್ದು ಕೂರುತ್ತದೆ.

ಅದೇ ಸಂಜೆ ನಾನು ಅವಸರ ಮಾಡಿದೆ. ಗೇಜ್ ಬೇಡ, ಉದ್ದಗೊಯ್ತಕ್ಕೆ ಇರುವ ಫೆನ್ಸನ್ನೇ, ಅಂದರೆ ಮರ ಒರಗುವ ಆಸರೆಪಟ್ಟಿಯನ್ನೇ, ಬ್ಲೇಡಿಗೆ ಹತ್ತಿರ ತಂದು ಅದಕ್ಕೆ ತುಂಡನ್ನು ಒತ್ತಿ ಕೊಯ್ದರೆ ಎಲ್ಲ ಹಲಗೆಗಳೂ ಒಂದೇ ಅಳತೆಗೆ ಬರುತ್ತವೆ ಎಂದುಕೊಂಡೆ. ಮೂರನೆಯ ತುಂಡು ಫೆನ್ಸಿಗೂ ಬ್ಲೇಡಿಗೂ ನಡುವೆ ಸ್ವಲ್ಪ ತಿರುಗಿತು. ಮುಂದೆ ಏನಾಯಿತೆಂದು ಕಣ್ಣು ಕಾಣಲಿಲ್ಲ. ಅಂಗೈಯಷ್ಟು ಸಾಗವಾನಿ ನನ್ನ ಪಕ್ಕೆಗೆ ಬಡಿದು, ಅಲ್ಲಿಂದ ಸಿಡಿದು ಹಿಂದಿನ ಶಟರಿಗೆ ಹೊಡೆಯಿತು. ಶಟರಿನ ತಗಡಿನಲ್ಲಿ ಆ ತಗ್ಗು ಇಂದಿಗೂ ಇದೆ. ಪಕ್ಕೆಯ ಕಂದು ಗುರುತು ಯುಗಾದಿಯವರೆಗೂ ಹೋಗಲಿಲ್ಲ.

ಹೀಗೇಕೆ ಆಗುತ್ತದೆ ಎಂಬುದನ್ನು ಈ ಯಂತ್ರ ಬಳಸುವ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಚಿತ್ರದಂತೆ ಇಟ್ಟುಕೊಳ್ಳಬೇಕು. ಬ್ಲೇಡಿನ ಮುಂದಿನ ಹಲ್ಲುಗಳು, ಅಂದರೆ ನಮ್ಮ ಕಡೆಯವು, ಕೆಳಮುಖವಾಗಿ ತಿರುಗುತ್ತ ಮರವನ್ನು ಮೇಜಿಗೆ ಒತ್ತುತ್ತವೆ. ಹಿಂದಿನ ಹಲ್ಲುಗಳು ಕೆಳಗಿನಿಂದ ಮೇಲೆದ್ದು ನಮ್ಮ ಕಡೆಗೇ ಬರುತ್ತವೆ. ಮರ ತಿರುಗಿ ಆ ಹಿಂದಿನ ಹಲ್ಲಿಗೆ ಸಿಕ್ಕರೆ ಅದು ಮರವನ್ನು ಎತ್ತಿ ನಮ್ಮತ್ತ ಎಸೆಯುತ್ತದೆ. ನನ್ನ ಯಂತ್ರದ ಬ್ಲೇಡು 10 ಇಂಚಿನದು, ಅಂದರೆ 254 ಮಿಲಿಮೀಟರ್. ನಿಮಿಷಕ್ಕೆ 4,000 ಸುತ್ತು ಹಾಕಿದರೆ ಅದರ ಹಲ್ಲಿನ ತುದಿ ಸೆಕೆಂಡಿಗೆ ಸುಮಾರು 53 ಮೀಟರ್ ಓಡುತ್ತದೆ. ಗಂಟೆಗೆ 190 ಕಿಲೋಮೀಟರ್. ಕೈ ಹಿಂದಕ್ಕೆ ಸರಿಯುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ಬಂಡಿ ಕಟ್ಟಬೇಕೆಂದು ನಿರ್ಧರಿಸಿದ್ದು ಆ ರಾತ್ರಿಯೇ. ಯಂತ್ರದ ಪುಸ್ತಕಗಳಲ್ಲಿ ಇದನ್ನು ಸ್ಲೆಡ್ ಎನ್ನುತ್ತಾರೆ. ನಮ್ಮ ಅಂಗಡಿಯಲ್ಲಿ ಅದರ ಹೆಸರು ಬಂಡಿ. ಒಂದು ಪ್ಲೈವುಡ್ ಹಲಗೆ, ಅದರ ಕೆಳಗೆ ಮೇಜಿನ ಎರಡು ಕಾಲುವೆಗಳಲ್ಲಿ ಓಡುವ ಎರಡು ಪಟ್ಟಿ, ಮೇಲೆ ಆಚೆ ತುದಿಗೊಂದು ಈಚೆ ತುದಿಗೊಂದು ಫೆನ್ಸ್. ಮರವನ್ನು ಈಚೆಯ ಫೆನ್ಸಿಗೆ ಒತ್ತಿ ಹಿಡಿದು ಇಡೀ ಬಂಡಿಯನ್ನೇ ಬ್ಲೇಡಿನತ್ತ ತಳ್ಳುವುದು. ಕೊಯ್ದ ಎರಡೂ ಭಾಗಗಳು ಬಂಡಿಯ ಮೇಲೆಯೇ ಕೂತು ಬಂಡಿಯ ಜೊತೆಗೇ ಸಾಗುತ್ತವೆ. ಮರ ಮೇಜಿನ ಮೇಲೆ ಉಜ್ಜುವುದಿಲ್ಲ, ತಿರುಗುವುದೂ ಇಲ್ಲ.

ಮರುದಿನ ಬೆಳಗ್ಗೆ ಕಾಕಾ ಅವರಿಗೆ ಹೇಳಿದೆ. ನನ್ನ ತಂದೆಯ ತಮ್ಮ. ಈ ಕೆಲಸವನ್ನು ನನಗೆ ಕಲಿಸಿದವರು. ಅವರು ಖುಷಿಪಡುತ್ತಾರೆಂದು ಭಾವಿಸಿದ್ದೆ. ಅವರು ತಮ್ಮ ಎಡಗೈಯನ್ನು ನನ್ನ ಮುಂದೆ ಚಾಚಿದರು. ಆ ಕೈಯ ಹೆಬ್ಬೆರಳು ಗಿಣ್ಣಿನವರೆಗೆ ಮಾತ್ರ ಇದೆ. ಚಿಕ್ಕಂದಿನಿಂದ ನೋಡಿದ್ದೆ, ಹೇಗಾಯಿತೆಂದು ಕೇಳಿರಲಿಲ್ಲ. "ಇದು ಹೋಗಿದ್ದು ಬಂಡಿ ಇದ್ದ ಯಂತ್ರದಲ್ಲೇ, ತಮ್ಮಾ" ಎಂದರು.

ಅವರು ತರುಣರಾಗಿದ್ದಾಗ ಬೇರೆ ಊರಿನ ಒಂದು ಕಾರ್ಖಾನೆಯಲ್ಲಿ ಬಾಗಿಲ ಚೌಕಟ್ಟಿನ ತುಂಡುಗಳನ್ನು ಕೊಯ್ಯುತ್ತಿದ್ದರು. ಅಲ್ಲಿಯ ಬಂಡಿಯ ಫೆನ್ಸನ್ನು ಹಿಂದಿನಿಂದ ಹೆಬ್ಬೆರಳು ಮಡಚಿ ಹಿಡಿದು ತಳ್ಳುವುದು ಎಲ್ಲರ ರೂಢಿ. ದಿನಕ್ಕೆ ನೂರಾರು ಕೊಯ್ತ. ಬಂಡಿ ಇದೆಯೆಂಬ ಧೈರ್ಯದಲ್ಲಿ ಕಣ್ಣು ಮರದ ಮೇಲಿತ್ತು, ಹೆಬ್ಬೆರಳಿನ ಮೇಲೆ ಇರಲಿಲ್ಲ. ಮರ ತುಂಡಾದ ಮೇಲೂ ಕೈ ತಳ್ಳುತ್ತಲೇ ಹೋಯಿತು. ಬ್ಲೇಡು ಫೆನ್ಸನ್ನು ಸೀಳಿಕೊಂಡು ಹಿಂಬದಿಯಿಂದ ಹೊರಗೆ ಬಂತು.

"ಬಂಡಿ ಕಟ್ಟು. ಆದರೆ ಮೊದಲು ಫೆನ್ಸಿನ ಹಿಂದಿನ ಮರದ ಗಟ್ಟಿಯನ್ನು ಕಟ್ಟು, ಆಮೇಲೆ ಉಳಿದದ್ದು" ಎಂದು ಹೇಳಿ ಅವರು ಚಹಾ ಕುಡಿಯಲು ಹೋದರು.

ಆ ಮಾತು ನನ್ನನ್ನು ಬಿಡಲಿಲ್ಲ. ಕಾಗದದ ಮೇಲೆ ಕಂಪಾಸಿನಿಂದ ಬ್ಲೇಡನ್ನು ಅದರ ನಿಜವಾದ ಅಳತೆಯಲ್ಲೇ ಬರೆದೆ. ಬಂಡಿಯ ತಳ 12 ಮಿಲಿಮೀಟರ್, ಅದರ ಮೇಲೆ 18 ಮಿಲಿಮೀಟರ್ ಸಾಗವಾನಿ, ಮರದ ಮೇಲೆ 6 ಮಿಲಿಮೀಟರ್ ಬ್ಲೇಡು ಕಾಣುವಷ್ಟು ಎತ್ತರ. ಬ್ಲೇಡು ದುಂಡಗಿರುವುದರಿಂದ ಮರದ ಕೆಳಭಾಗ ಮೊದಲು ತುಂಡಾಗುತ್ತದೆ, ಮೇಲ್ಭಾಗ ಕೊನೆಗೆ. ಮೇಲ್ಭಾಗವೂ ಪೂರ್ತಿ ತುಂಡಾಗುವ ಹೊತ್ತಿಗೆ ಬ್ಲೇಡು ತಳದ ಮಟ್ಟದಲ್ಲಿ ಫೆನ್ಸಿನೊಳಗೆ ಎಷ್ಟು ಹೊಕ್ಕಿರುತ್ತದೆ ಎಂದು ಅಳೆದೆ. ಹತ್ತಿರ ಹತ್ತಿರ 36 ಮಿಲಿಮೀಟರ್ ಬಂತು. ನಾನು ಯೋಚಿಸಿದ್ದ ಫೆನ್ಸು 18 ಮಿಲಿಮೀಟರಿನ ಎರಡು ಪ್ಲೈವುಡ್ ಪಟ್ಟಿಗಳನ್ನು ಅಂಟಿಸಿದ್ದು, ಅದರ ದಪ್ಪವೂ ಸರಿಯಾಗಿ 36. ಎಂದರೆ ಕೊಯ್ತ ಮುಗಿಯುವ ಆ ಕ್ಷಣದಲ್ಲೇ ಹಲ್ಲುಗಳು ಫೆನ್ಸಿನ ಹಿಂಬದಿಗೆ ಬಂದು ನಿಂತಿರುತ್ತವೆ! ತಪ್ಪಿ ಇನ್ನೂ ತಳ್ಳಿ ಬ್ಲೇಡಿನ ನಡುಮಧ್ಯಕ್ಕೆ ಫೆನ್ಸು ಬಂದರೆ ಹಿಂದೆ 38 ಮಿಲಿಮೀಟರ್ ಬ್ಲೇಡು ಬರಿದಾಗಿ ಹೊರಗಿರುತ್ತದೆ. ಒಂದು ಹೆಬ್ಬೆರಳಿಗೆ ಅಷ್ಟು ಸಾಕು. ಕಾಕಾ ಅವರ ಕೈಯಲ್ಲಿ ನಡೆದದ್ದು ಅಜಾಗರೂಕತೆ ಎಂದು ಅಲ್ಲಿಯವರು ಹೇಳಿದರಂತೆ. ಕಾಗದದ ಮೇಲಿನ ಆ ಗೆರೆಯನ್ನು ನೋಡಿದ ಮೇಲೆ ನಾನು ಹಾಗೆ ಹೇಳಲಾರೆ. ತಪ್ಪು ಆ ಬಂಡಿಯನ್ನು ಕಟ್ಟಿದ ರೀತಿಯಲ್ಲೇ ಇತ್ತು.

ಆದ್ದರಿಂದ ನಾನು ಮೊದಲು ಮಾಡಿದ ಭಾಗವೇ ಗಟ್ಟಿ. ಬೇವಿನ ಮರದ ತುಂಡು, 100 ಮಿಲಿಮೀಟರ್ ಅಗಲ, ಫೆನ್ಸಿನಷ್ಟೇ ಎತ್ತರ, ಹಿಂದಕ್ಕೆ 75 ಮಿಲಿಮೀಟರ್ ಚಾಚಿಕೊಂಡಿರುವುದು. ಇದನ್ನು ಫೆನ್ಸಿನ ಹಿಂಬದಿಗೆ, ಬ್ಲೇಡು ಹಾಯುವ ಜಾಗಕ್ಕೆ ಸರಿಯಾಗಿ ಅಂಟಿಸಿದರೆ ಬ್ಲೇಡು ಅದರೊಳಗೇ ಹೊಕ್ಕು ನಿಲ್ಲುತ್ತದೆ. ಅಷ್ಟು ದಪ್ಪದ ತುಂಡನ್ನು ಹೆಬ್ಬೆರಳಿನಿಂದ ಸುತ್ತಿ ಹಿಡಿಯಲು ಸಾಧ್ಯವಿಲ್ಲದ್ದರಿಂದ ಕೈ ತಾನಾಗಿ ಪಕ್ಕಕ್ಕೆ ಹೋಗುತ್ತದೆ. ಅದಕ್ಕೆ ಕೆಂಪು ಬಣ್ಣ ಬಳಿದೆ. ಇಷ್ಟೇ ಸಾಲದು, ಬಂಡಿ ಮುಂದೆ ಹೋಗದಂತೆ ತಡೆಯೂ ಬೇಕು. ಮೇಜಿನ ಆಚೆ ಬದಿಯಲ್ಲಿ, ಕೊಯ್ದ ಮರ ಬಿದ್ದುಹೋಗದಿರಲೆಂದು ನಾನು ಮೇಜಿನ ಮಟ್ಟಕ್ಕೇ ಒಂದು ಹಲಗೆ ಕಟ್ಟಿದ್ದೇನೆ. ಅದರ ಮೇಲೆ ಒಂದು ದಪ್ಪ ಪಟ್ಟಿಯನ್ನು ಬೋಲ್ಟಿನಿಂದ ಬಿಗಿದೆ. ಮರ ಪೂರ್ತಿ ತುಂಡಾಗಿ, ಬೆರಳಗಲ ಮುಂದೆ ಹೋದೊಡನೆ ಬಂಡಿಯ ಮೂತಿ ಆ ಪಟ್ಟಿಗೆ ಬಡಿದು ನಿಲ್ಲುತ್ತದೆ.

ಇನ್ನು ಯಂತ್ರದ ಸಂಗತಿ. ಬ್ಲೇಡು ಕಾಲುವೆಗೆ ಸಮಾನಾಂತರವಾಗಿಲ್ಲದಿದ್ದರೆ ಎಷ್ಟು ಒಳ್ಳೆಯ ಬಂಡಿ ಕಟ್ಟಿದರೂ ವ್ಯರ್ಥ. ಪ್ಲಗ್ ಕಿತ್ತು ಹೊರಗಿಟ್ಟೆ. ಬ್ಲೇಡಿನ ಒಂದು ಹಲ್ಲಿಗೆ ಮಾರ್ಕರಿನಿಂದ ಗುರುತು ಹಾಕಿ, ಆ ಹಲ್ಲನ್ನು ಮುಂದೆ ತಂದು ಕಾಲುವೆಯ ಅಂಚಿನಿಂದ ದೂರ ಅಳೆದೆ. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದೆ ತಂದು ಮತ್ತೆ ಅಳೆದೆ. ಬೇರೆ ಬೇರೆ ಹಲ್ಲಿನಲ್ಲಿ ಅಳೆದರೆ ಬ್ಲೇಡಿನ ಸಣ್ಣ ಡೊಂಕೂ ಲೆಕ್ಕದಲ್ಲಿ ಸೇರಿಬಿಡುತ್ತದೆ. 0.3 ಮಿಲಿಮೀಟರ್ ವ್ಯತ್ಯಾಸವಿತ್ತು. ಮೇಜಿನ ಕೆಳಗೆ ಬ್ಲೇಡಿನ ಕಟ್ಟನ್ನು ಹಿಡಿದಿರುವ ನಾಲ್ಕು ಬೋಲ್ಟುಗಳನ್ನು ಸಡಿಲಿಸಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ಬಿಗಿದು, ಮತ್ತೆ ಅಳೆದು, ಮಧ್ಯಾಹ್ನದ ಹೊತ್ತಿಗೆ 0.05ಕ್ಕೆ ತಂದೆ.

ಓಡುವ ಪಟ್ಟಿಗಳ ವಿಷಯದಲ್ಲಿ ನಾನು ಎಡವಿದೆ. ಕಾಲುವೆಯ ಅಗಲ 19 ಮಿಲಿಮೀಟರ್, ಆಳ ಒಂಬತ್ತೂವರೆ. ಅಂಗಡಿಯಲ್ಲಿ ಒಳ್ಳೆಯ ಗಟ್ಟಿ ಜಾಲಿ ಮರವಿತ್ತು. ನೇಗಿಲಿಗೆ, ಎತ್ತಿನ ಬಂಡಿಯ ಅಚ್ಚಿಗೆ ತಡೆಯುವ ಮರ ಇದಕ್ಕೆ ತಡೆಯದೇ ಎಂದು ಅದನ್ನೇ ಹತ್ತರಿ ಹೊಡೆದು, ಕಾಲುವೆಯಲ್ಲಿ ಒಂದಿಷ್ಟೂ ಅಲುಗದಂತೆ, ಆದರೆ ಒಂದೇ ಬೆರಳಿನಿಂದ ತಳ್ಳಿದರೆ ಸರಿಯುವಂತೆ ಕೂಡಿಸಿದೆ. ಏಪ್ರಿಲ್ ತಿಂಗಳು. ಬಿಸಿಲಿಗೆ ಮರದಲ್ಲಿ ಇದ್ದಬದ್ದ ಪಸೆಯೆಲ್ಲ ಆರಿತ್ತು. ಬಂಡಿ ಬೆಣ್ಣೆಯ ಮೇಲೆ ಓಡಿದಂತೆ ಓಡಿತು. ಆರಿದ್ರಾ ಮಳೆ ಹಿಡಿದ ನಾಲ್ಕನೆಯ ದಿನ ಬೆಳಗ್ಗೆ ಬಂಡಿಯನ್ನು ತಳ್ಳಿದರೆ ಅರ್ಧ ದಾರಿಯಲ್ಲಿ ಕಚ್ಚಿಕೊಂಡು ನಿಂತಿತು, ಅದೂ ಬ್ಲೇಡು ತಿರುಗುತ್ತಿರುವಾಗ. ಜೋರಾಗಿ ದೂಡಬೇಕೆಂಬ ಆಸೆಯಾಯಿತು. ದೂಡಲಿಲ್ಲ. ಬಿಗಿಯಾದ ಬಂಡಿಯನ್ನು ದೂಡಿದರೆ ಅದು ಸಡಿಲವಾಗುವ ಕ್ಷಣದಲ್ಲಿ ಮೈಯ ಭಾರವೆಲ್ಲ ಮುಂದಕ್ಕೆ ಹೋಗುತ್ತದೆ. ಸ್ವಿಚ್ ಆರಿಸಿ, ಬ್ಲೇಡು ನಿಲ್ಲುವವರೆಗೆ ಕಾದು, ಬಂಡಿಯನ್ನು ಎತ್ತಿಟ್ಟೆ.

19 ಮಿಲಿಮೀಟರಿನಲ್ಲಿ ನೂರಕ್ಕೆ ಒಂದು ಪಾಲು ಉಬ್ಬಿದರೂ 0.19 ಆಯಿತು. ಹಿತವಾಗಿ ಕೂತ ಪಟ್ಟಿಯನ್ನು ಕಚ್ಚಿಸಲು ಅಷ್ಟು ಬೇಕಾದಷ್ಟಾಯಿತು. ಎರಡನೆಯ ಸಲ ಹಳೆಯ ಬಾಗಿಲೊಂದರ ಸಾಗವಾನಿಯನ್ನು ತೆಗೆದುಕೊಂಡೆ. ವರ್ಷಾನುಗಟ್ಟಲೆ ಮಳೆ ಬಿಸಿಲು ಕಂಡ ಮರ. ವಾರ್ಷಿಕ ಉಂಗುರಗಳು ಪಟ್ಟಿಯ ಅಗಲಕ್ಕೆ ಅಡ್ಡವಾಗಿ ನಿಂತಿರುವಂತೆ ಸೀಳಿಕೊಂಡೆ. ಹಾಗೆ ಸೀಳಿದ ಮರ ಅಗಲದಲ್ಲಿ ಉಬ್ಬುವುದು ಇನ್ನೊಂದು ಬಗೆಯದಕ್ಕಿಂತ ಸರಿಸುಮಾರು ಅರ್ಧ. ಎತ್ತರವನ್ನು ಕಾಲುವೆಯ ಆಳಕ್ಕಿಂತ ಒಂದು ಮಿಲಿಮೀಟರ್ ಕಡಿಮೆ ಇಟ್ಟೆ. ಪಟ್ಟಿ ಕಾಲುವೆಯ ತಳ ಮುಟ್ಟಬಾರದು, ಪಕ್ಕದ ಗೋಡೆಗಳನ್ನು ಮಾತ್ರ ಸವರಬೇಕು. ತಳದಲ್ಲಿ ಕೂರುವ ಹೊಟ್ಟಿಗೂ ಜಾಗ ಬೇಕು. ಮೇಣದ ಬತ್ತಿಯನ್ನು ನಾಲ್ಕೂ ಬದಿಗೆ ಉಜ್ಜಿದೆ. ಎಣ್ಣೆ ಹಚ್ಚಬಾರದು, ಕೊಯ್ಯುವ ಮರಕ್ಕೆ ಕಲೆ ಹತ್ತುತ್ತದೆ.

ತಳಕ್ಕೆ ಚಪ್ಪಟೆಯಾದ ಪ್ಲೈವುಡ್ ಸಿಗುವುದೇ ಕಷ್ಟದ ಕೆಲಸ. ನಮ್ಮ ಕಡೆ ನೆಲಕ್ಕೆ, ಕಟ್ಟೆಗೆ ಎಲ್ಲದಕ್ಕೂ ಶಹಾಬಾದ್ ಕಲ್ಲು. ಅಂಗಡಿಯ ಕಟ್ಟೆಯ ಮೇಲೆ ಹಲಗೆಯನ್ನಿಟ್ಟು ಅಲುಗಾಡುವುದಿಲ್ಲವೆಂದು ಮೊದಲು ಒಪ್ಪಿಬಿಟ್ಟಿದ್ದೆ. ಆಮೇಲೆ ಗಾಜಿನ ಅಂಗಡಿಯಿಂದ 10 ಮಿಲಿಮೀಟರ್ ದಪ್ಪದ ಗಾಜಿನ ತುಂಡು ತಂದು ಅದರ ಮೇಲಿಟ್ಟರೆ ಒಂದು ಮೂಲೆ ಎದ್ದಿತ್ತು. ಕಲ್ಲಿನ ತಗ್ಗೂ ಹಲಗೆಯ ಡೊಂಕೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಮೂರು ಅಂಗಡಿ ತಿರುಗಿ, ನಾಲ್ಕನೆಯದರಲ್ಲಿ ಹಾಳೆಗಳ ರಾಶಿಯ ನಡುವಿನಿಂದ ಎಳೆಸಿ, 700ಕ್ಕೆ 500 ಮಿಲಿಮೀಟರ್ ತುಂಡು ಕೊಯ್ಸಿಕೊಂಡು ಬಂದೆ.

ಪಟ್ಟಿಗಳನ್ನು ತಳಕ್ಕೆ ಅಂಟಿಸುವುದು ಸುಲಭ. ಬ್ಲೇಡನ್ನು ಮೇಜಿನ ಕೆಳಕ್ಕೆ ಇಳಿಸಿದೆ. ಎರಡೂ ಕಾಲುವೆಗಳಲ್ಲಿ ಅದರಲ್ಲಿ ಹಿಡಿಸುವಂಥ ಚಿಕ್ಕ ನಾಣ್ಯಗಳನ್ನು ಎರಡೆರಡಾಗಿ ಪೇರಿಸಿ ಅಲ್ಲಲ್ಲಿ ಇಟ್ಟು ಅದರ ಮೇಲೆ ಪಟ್ಟಿಗಳನ್ನು ಕೂರಿಸಿದರೆ ಅವು ಮೇಜಿಗಿಂತ ತುಸು ಮೇಲೆದ್ದು ನಿಲ್ಲುತ್ತವೆ. ಮೇಲೆ ಫೆವಿಕಾಲ್ ಎಳೆದು, ತಳದ ಹಲಗೆಯನ್ನು ಮೇಲಿಟ್ಟು, ತೂಕಕ್ಕೆ ಎರಡು ಇಟ್ಟಿಗೆ ಹೇರಿ ಊಟಕ್ಕೆ ಹೋದೆ. ಬಂದು ಎತ್ತಿ, ಕೆಳಗಿನಿಂದ ಸ್ಕ್ರೂ ಹಾಕಿದೆ. ಮೊದಲು ಡ್ರಿಲ್ ಹೊಡೆಯದೆ ಸ್ಕ್ರೂ ಬಿಗಿದರೆ ಅಷ್ಟು ತೆಳುವಾದ ಪಟ್ಟಿ ಸೀಳುತ್ತದೆ, ಸೀಳದಿದ್ದರೂ ಪಕ್ಕಕ್ಕೆ ಉಬ್ಬಿ ಕಾಲುವೆಯಲ್ಲಿ ಹಿಡಿಯುತ್ತದೆ. ಇನ್ನೊಂದು ಮುಖ್ಯ ಮಾತು: ಬ್ಲೇಡು ಹಾಯುವ ಜಾಗದಲ್ಲಿ ಬೆರಳೆರಡು ಅಗಲದ ಗೆರೆ ಎಳೆದು, ಅದರೊಳಗೆ ಒಂದೂ ಸ್ಕ್ರೂ ಬರದಂತೆ ನೋಡಿಕೊಂಡೆ. ತಳಕ್ಕಾಗಲಿ ಫೆನ್ಸಿಗಾಗಲಿ ಗಟ್ಟಿಗಾಗಲಿ ಆ ಗೆರೆಯೊಳಗೆ ಅಂಟು ಮಾತ್ರ. ಕಾರ್ಬೈಡ್ ಹಲ್ಲು ಸ್ಕ್ರೂವಿಗೆ ತಾಗಿದರೆ ಹಲ್ಲೇ ಮುರಿದು ಗುಂಡಿನಂತೆ ಹಾರುತ್ತದೆ.

ಆಚೆಯ ಫೆನ್ಸು ಬಂಡಿಯ ಎರಡು ಅರ್ಧಗಳನ್ನು ಹಿಡಿದಿಡಲು ಮಾತ್ರ ಇರುವುದು, ಅದು ತುಸು ಸೊಟ್ಟಗಿದ್ದರೂ ಬಾಧಕವಿಲ್ಲ. ಈಚೆಯದು ಹಾಗಲ್ಲ. ಅದನ್ನು ಬಲತುದಿಯಲ್ಲಿ ಒಂದೇ ಸ್ಕ್ರೂ ಹಾಕಿ, ಎಡತುದಿಯನ್ನು ಕ್ಲ್ಯಾಂಪಿನಿಂದ ಹಿಡಿಸಿ, ಗುನಿಯಾ ಇಟ್ಟು ಕಣ್ಣಳತೆಗೆ ನೇರ ಮಾಡಿದೆ. ಯಂತ್ರ ಹಚ್ಚಿ, ಬಂಡಿಯನ್ನು ಮೇಜಿಗೆ ಒತ್ತಿ ಹಿಡಿದು ಬ್ಲೇಡನ್ನು ಕೆಳಗಿನಿಂದ ನಿಧಾನವಾಗಿ ಏರಿಸಿ ತಳದಲ್ಲಿ ಸೀಳು ಹಾಕಿದೆ. ಆಮೇಲೆ ಐದು ಕೊಯ್ತದ ಪರೀಕ್ಷೆ.

ಈ ಪರೀಕ್ಷೆ ನನಗೆ ಬಹಳ ಇಷ್ಟ. ಗುನಿಯಾವನ್ನು ನಂಬಬೇಕಾಗಿಲ್ಲ, ಏಕೆಂದರೆ ಗುನಿಯಾವೇ ಸೊಟ್ಟಗಿರಬಹುದು. 400 ಮಿಲಿಮೀಟರಿನ ಚೌಕ ಹಲಗೆಯೊಂದನ್ನು ತೆಗೆದುಕೊಂಡು ಒಂದು ಅಂಚನ್ನು ಕೊಯ್ಯಬೇಕು. ಕೊಯ್ದ ಅಂಚನ್ನು ಫೆನ್ಸಿಗೆ ಒತ್ತಿ ಮುಂದಿನ ಅಂಚು ಕೊಯ್ಯಬೇಕು. ಹೀಗೆ ತಿರುಗಿಸುತ್ತ ನಾಲ್ಕೂ ಅಂಚು ಮುಗಿಸಿ, ಐದನೆಯದಾಗಿ ಮೊದಲ ಅಂಚಿನಿಂದ ಒಂದು ಇಂಚಿನ ಪಟ್ಟಿಯನ್ನು ಕೊಯ್ದು ತೆಗೆಯಬೇಕು. ಪ್ರತಿ ತಿರುವಿನಲ್ಲೂ ಫೆನ್ಸಿನ ತಪ್ಪು ಸೇರುತ್ತ ಬಂದು ಆ ಪಟ್ಟಿಯಲ್ಲಿ ನಾಲ್ಕು ಪಟ್ಟಾಗಿ ನಿಂತಿರುತ್ತದೆ. ಒಂದು ಸಲಕ್ಕೆ ಕಣ್ಣಿಗೆ ಬೀಳದ ತಪ್ಪು ನಾಲ್ಕು ಸಲ ಕೂಡಿ ಕ್ಯಾಲಿಪರಿಗೆ ಸಿಗುತ್ತದೆ.

ನನ್ನ ಪಟ್ಟಿಯ ಒಂದು ತುದಿ 26.42, ಇನ್ನೊಂದು ತುದಿ 25.86. ವ್ಯತ್ಯಾಸ 0.56. ನಾಲ್ಕರಿಂದ ಭಾಗಿಸಿದರೆ 400 ಮಿಲಿಮೀಟರ್ ಉದ್ದದಲ್ಲಿ 0.14. ಫೆನ್ಸಿನ ಸ್ಕ್ರೂವಿನಿಂದ ಕ್ಲ್ಯಾಂಪಿನವರೆಗೆ 600 ಮಿಲಿಮೀಟರ್ ಇರುವುದರಿಂದ ಅಲ್ಲಿ ಸರಿಸಬೇಕಾದದ್ದು 0.21. ಪಕ್ಕದ ಮೋಟಾರ್‌ಸೈಕಲ್ ಮೆಕ್ಯಾನಿಕನ ಬಳಿ ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್, ಅಂದರೆ ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳ ಗೊಂಚಲು, ಇತ್ತು. ಅದನ್ನು ತಂದೆ. ಫೆನ್ಸಿನ ಎಡತುದಿಯ ಹಿಂದೆ ಒಂದು ಮರದ ತುಂಡನ್ನು ಅಡ್ಡವಾಗಿ ಇಟ್ಟು, ನಡುವೆ 0.20ರ ಎಲೆಯನ್ನು ಸಿಕ್ಕಿಸಿ, ಆ ತುಂಡನ್ನು ತಳಕ್ಕೆ ಬಿಗಿದೆ. ಎಲೆಯನ್ನು ಎಳೆದು ತೆಗೆದು ಫೆನ್ಸನ್ನು ಆ ತುಂಡಿಗೆ ತಾಗುವವರೆಗೆ ಸರಿಸಿದರೆ ಬೇಕಾದಷ್ಟೇ ಸರಿದಂತಾಯಿತು.

ಹೊಸ ಹಲಗೆಯಲ್ಲಿ ಮತ್ತೆ ಐದು ಕೊಯ್ತ. ವ್ಯತ್ಯಾಸ 1.10 ಬಂತು. ತಿರುಗಾ ಮುರುಗಾ ಸರಿಸಿದ್ದೆ. ಆ ಕ್ಷಣ ಬೇಸರವಾದರೂ ಲೆಕ್ಕ ಸುಳ್ಳಲ್ಲವೆಂದು ಅದೇ ತೋರಿಸಿಕೊಟ್ಟಿತು, ತಪ್ಪು ಸರಿಯಾಗಿ ಎರಡರಷ್ಟಾಗಿತ್ತಲ್ಲ. ಹಳೆಯ ಜಾಗಕ್ಕೆ ತಂದು, ಅಲ್ಲಿಂದ ಎದುರು ದಿಕ್ಕಿಗೆ ಅಷ್ಟೇ ಸರಿಸಿದೆ. ಮೂರನೆಯ ಹಲಗೆ: 0.04. ನಾಲ್ಕರಿಂದ ಭಾಗಿಸಿದರೆ 400 ಮಿಲಿಮೀಟರಿಗೆ 0.01. ಇನ್ನೂ ಮೂರು ಸ್ಕ್ರೂ ಹಾಕಿ ಫೆನ್ಸನ್ನು ಶಾಶ್ವತವಾಗಿ ಬಿಗಿದೆ. ಬಿಗಿದ ಮೇಲೆ ಇನ್ನೊಂದು ಸಲ ಪರೀಕ್ಷಿಸಬೇಕು, ಸ್ಕ್ರೂ ಬಿಗಿಯುವಾಗ ಫೆನ್ಸು ಸರಿಯುವುದುಂಟು. ಆಮೇಲೆ ಕೆಂಪು ಗಟ್ಟಿಯನ್ನು ಹಿಂಬದಿಗೆ ಅಂಟಿಸಿದೆ. ಮಳೆಗಾಲದಲ್ಲಿ ಓಡುಪಟ್ಟಿ ಬದಲಿಸಿದಾಗ ಈ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಯಿತು.

ಮೇ ತಿಂಗಳಲ್ಲಿ ನಡೆದ ಒಂದು ಘಟನೆಯನ್ನು ಹೇಳದಿರಲಾರೆ. ಮಧ್ಯಾಹ್ನ ಗಾಳಿ ಎದ್ದು, ದೂಳು ತುಂಬಿ, ಕೊಯ್ತದ ನಡುವೆ ವಿದ್ಯುತ್ ಹೋಯಿತು. ಬ್ಲೇಡು ನಿಂತಿತು, ಹಲಗೆ ಅರ್ಧ ಕೊಯ್ದು ಬಂಡಿಯ ಮೇಲಿತ್ತು. ನಾನು ಹೊರಗೆ ಹಾಕಿದ್ದ ಮರವನ್ನು ಒಳಗೆ ತರಲು ಓಡಿದೆ. ನನ್ನ ತಮ್ಮ, ಹತ್ತೊಂಬತ್ತರ ಹುಡುಗ, ಬಂಡಿಯ ಮೇಲಿನ ಹೊಟ್ಟನ್ನು ಕೈಯಿಂದ ಗುಡಿಸುತ್ತಿದ್ದ. ಅವನು ಪೊರಕೆ ತರಲೆಂದು ಎರಡು ಹೆಜ್ಜೆ ಹಿಂದೆ ಸರಿದಿದ್ದಾಗ ವಿದ್ಯುತ್ ಬಂತು. ಸ್ವಿಚ್ ಹಾಕಿಯೇ ಇದ್ದುದರಿಂದ ಬ್ಲೇಡು ಗರ್ರೆಂದು ತಿರುಗಿತು. ಹಿಡಿಯುವವರಿಲ್ಲದ ಅರ್ಧ ಹಲಗೆ ಎದ್ದು ಗೋಡೆಗೆ ಹಾರಿತು. ನನಗೆ ಆ ಸಂಜೆ ಊಟ ಇಳಿಯಲಿಲ್ಲ.

ಮರುದಿನ ಮೊದಲ ಕೆಲಸವಾಗಿ ಎಲೆಕ್ಟ್ರಿಕಲ್ ಅಂಗಡಿಯಿಂದ ಬೇರೆ ಬಗೆಯ ಸ್ವಿಚ್ ತಂದು ಹಾಕಿಸಿದೆ. ವಿದ್ಯುತ್ ಹೋದರೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ವಿದ್ಯುತ್ ಬಂದರೂ ಹಸಿರು ಗುಂಡಿಯನ್ನು ಮತ್ತೆ ಒತ್ತದ ಹೊರತು ಯಂತ್ರ ಹೊರಡುವುದಿಲ್ಲ. ಒಳಗಿರುವ ಸುರುಳಿಗೆ ವಿದ್ಯುತ್ ಇರುವವರೆಗೆ ಮಾತ್ರ ಅದು ಹಿಡಿದುಕೊಂಡಿರುತ್ತದೆ, ಅಷ್ಟೇ ಉಪಾಯ. ಬೇಸಿಗೆಯ ಗಾಳಿಗೆ ದಿನಕ್ಕೆರಡು ಸಲ ವಿದ್ಯುತ್ ಹೋಗಿ ಬರುವ ನಮ್ಮ ಕಡೆ, ಬಂಡಿಗಿಂತ ಮೊದಲು ಇದನ್ನು ಹಾಕಿಸಬೇಕಾಗಿತ್ತು. ಕೆಂಪು ಗುಂಡಿ ಮೊಣಕಾಲಿಗೆ ಸಿಗುವಷ್ಟು ಕೆಳಗಿದೆ. ಎರಡೂ ಕೈ ಬಂಡಿಯ ಮೇಲಿರುವಾಗ ಮೊಣಕಾಲಿನಿಂದ ಒತ್ತಿ ನಿಲ್ಲಿಸಬಹುದು.

ಬಂಡಿಯಿಂದ ಬರುವ ಒಂದು ಕೊರತೆಯನ್ನು ಮುಚ್ಚಿಡಬಾರದು. ಯಂತ್ರದ ಜೊತೆ ಬಂದ ಬ್ಲೇಡಿನ ಮುಚ್ಚಳವನ್ನು ತೆಗೆಯದೆ ಬಂಡಿ ಓಡುವುದಿಲ್ಲ. ಮುಚ್ಚಳ ತೆಗೆದೆವೆಂದರೆ ಬೇರೆ ಮುಚ್ಚಳ ಕೊಡಬೇಕು. ನಾನು ಆಚೆಯ ಫೆನ್ಸಿನಿಂದ ಈಚೆಯ ಫೆನ್ಸಿಗೆ, ಸೀಳಿನ ನೇರಕ್ಕೆ, ಒಂದು ಗೇಣು ಅಗಲದ ಅಕ್ರಿಲಿಕ್ ಹಾಳೆಯನ್ನು ಸೇತುವೆಯಂತೆ ಸ್ಕ್ರೂ ಹಾಕಿದ್ದೇನೆ. ಕೊಯ್ತ ಕಾಣುತ್ತದೆ, ಬೆರಳು ಹೋಗುವುದಿಲ್ಲ, ಮುಖಕ್ಕೆ ಹೊಟ್ಟು ಹಾರುವುದಿಲ್ಲ. ಆದರೂ ಕಣ್ಣಿಗೆ ಕನ್ನಡಕ ಇದ್ದೇ ಇರುತ್ತದೆ. ಕೈಗವಸು ಮಾತ್ರ ಹಾಕುವುದಿಲ್ಲ. ಹಲ್ಲಿಗೆ ದಾರವೊಂದು ಸಿಕ್ಕರೆ ಕೈಗವಸು ಕೈಯನ್ನೇ ಒಳಗೆಳೆಯುತ್ತದೆ. ಹೆಗಲ ಮೇಲಿನ ಟವೆಲ್ಲೂ ಯಂತ್ರದ ಹತ್ತಿರ ಬರುವಂತಿಲ್ಲ. ಕಾಕಾ ಅವರಿಗೆ ಈ ಒಂದು ರೂಢಿ ಬಿಡುವುದು ಕಷ್ಟವಾಯಿತು, ಆದರೆ ಬಿಟ್ಟರು. ಈಗ ಅವರ ಟವೆಲ್ಲಿಗೆ ಬಾಗಿಲ ಬಳಿ ಒಂದು ಮೊಳೆ ಇದೆ.

ಅಳತೆಗೆ ಒಂದೇ ಬಗೆಯ ತುಂಡುಗಳು ಬೇಕಾದಾಗ ಈಚೆಯ ಫೆನ್ಸಿಗೆ ಒಂದು ಮರದ ತಡೆಯನ್ನು ಕ್ಲ್ಯಾಂಪ್ ಮಾಡುತ್ತೇನೆ. ಅದರ ಕೆಳಮೂಲೆಯನ್ನು ಉಳಿಯಿಂದ ಚೂರು ಕೆತ್ತಿ ಹಾಕಿದ್ದೇನೆ, ಇಲ್ಲದಿದ್ದರೆ ಅಲ್ಲಿ ಹೊಟ್ಟು ಕೂತು ಹತ್ತನೆಯ ತುಂಡಿನಿಂದ ಅಳತೆ ಕಡಿಮೆಯಾಗುತ್ತ ಹೋಗುತ್ತದೆ. ತಡೆಯನ್ನು ಬ್ಲೇಡಿನ ಒಂದೇ ಬದಿಗೆ ಹಾಕಬೇಕು. ಎರಡೂ ಬದಿಗೆ ತಡೆಯಿದ್ದರೆ ಕೊಯ್ದ ತುಂಡು ನಡುವೆ ಸಿಕ್ಕಿ, ಶಟರಿಗೆ ಬಿದ್ದ ತಗ್ಗಿನ ಕಥೆಯೇ ಮತ್ತೆ ನಡೆಯುತ್ತದೆ. ಅಂಗೈಗಿಂತ ಚಿಕ್ಕ ತುಂಡನ್ನು ಕೈಯಲ್ಲಿ ಹಿಡಿಯುವುದೇ ಇಲ್ಲ. ಫೆನ್ಸಿಗೆ ಕ್ಲ್ಯಾಂಪ್ ಮಾಡುತ್ತೇನೆ, ಅಥವಾ ತುದಿಗೆ ಮರಳು ಕಾಗದ ಅಂಟಿಸಿದ ಉದ್ದನೆಯ ಕಡ್ಡಿಯಿಂದ ಒತ್ತುತ್ತೇನೆ. ಕೊಯ್ದ ಚೂರುಗಳನ್ನು ಬ್ಲೇಡು ಪೂರ್ತಿ ನಿಲ್ಲುವವರೆಗೆ ಮುಟ್ಟುವುದಿಲ್ಲ. ಕೊಯ್ತ ಮುಗಿದ ಮೇಲೆ ಬಂಡಿಯನ್ನು ಹಿಂದಕ್ಕೆ ಎಳೆಯುವಾಗಲೂ ಮರವನ್ನು ಬಿಡಬಾರದು.

ಪೆಟ್ಟಿಗೆಯ ಮುಚ್ಚಳದ ಚೌಕಟ್ಟಿಗೆಂದು ಆಮೇಲೆ ಎರಡನೆಯ ಬಂಡಿಯನ್ನೂ ಕಟ್ಟಿದೆ, ಕೋನದ್ದು. ಒಂದಕ್ಕೊಂದು ಸರಿಯಾಗಿ 90 ಡಿಗ್ರಿಯಲ್ಲಿ ಸೇರಿದ ಎರಡು ಫೆನ್ಸು, ನಡುವೆ ಬ್ಲೇಡು. ಒಂದು ಪಟ್ಟಿಯನ್ನು ಎಡ ಫೆನ್ಸಿನಲ್ಲಿ, ಅದರ ಜೋಡಿಯನ್ನು ಬಲ ಫೆನ್ಸಿನಲ್ಲಿ ಕೊಯ್ದರೆ, ಒಂದು ಕಡೆ 44.8 ಬಂದರೂ ಇನ್ನೊಂದು ಕಡೆ 45.2 ಬಂದು ಮೂಲೆ ನೇರವಾಗಿಯೇ ಮುಚ್ಚುತ್ತದೆ. ಅದರ ಹಿಂದೆಯೂ ಕೆಂಪು ಗಟ್ಟಿ ಇದೆ.

ಹೊಸ ಮನೆಗಳ ಕೆಲಸದ ಜಾಗಗಳಲ್ಲಿ ಈಗ ನೋಡುವುದು ಬೇರೆಯೇ. ಕಲ್ಲು ಕೊಯ್ಯುವ 4 ಇಂಚಿನ ಕಟರ್ ಯಂತ್ರವನ್ನು ಪ್ಲೈವುಡ್ಡಿನ ಕೆಳಗೆ ತಲೆಕೆಳಗಾಗಿ ಬಿಗಿದು, ಮರದ ಬ್ಲೇಡು ಹಾಕಿ, ಮೇಲೆ ಬರಿಗೈಯಿಂದ ಮರ ತಳ್ಳುತ್ತಾರೆ. ಆ ಯಂತ್ರ ನಿಮಿಷಕ್ಕೆ 13,000 ಸುತ್ತಿನ ಹತ್ತಿರ ತಿರುಗುತ್ತದೆ. ಬ್ಲೇಡು ಚಿಕ್ಕದಾದರೂ ಹಲ್ಲಿನ ತುದಿಯ ವೇಗ ನನ್ನ ದೊಡ್ಡ ಬ್ಲೇಡಿಗಿಂತ ಹೆಚ್ಚು. ಮುಚ್ಚಳವಿಲ್ಲ, ಬಂಡಿಯಿಲ್ಲ, ಸ್ವಿಚ್ಚನ್ನು ಟೇಪು ಸುತ್ತಿ ಹಾಕಿಯೇ ಇಟ್ಟಿರುತ್ತಾರೆ. ಹುಡುಗರು ಹದಿನೆಂಟು ಇಪ್ಪತ್ತರವರು. ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಂಥ ಮೇಜಿಗೆ ಬಂಡಿ ಕಟ್ಟಿಕೊಡಿ ಎಂದು ಇಬ್ಬರು ಬಂದಿದ್ದರು. ಆ ಯಂತ್ರ ಈ ಕೆಲಸಕ್ಕೆ ಮಾಡಿದ್ದಲ್ಲ, ಅದಕ್ಕೆ ಬಂಡಿ ಕಟ್ಟಿ ಧೈರ್ಯ ತುಂಬಿದರೆ ತಪ್ಪಾಗುತ್ತದೆಂದು ಹೇಳಿ, ನಮ್ಮ ಅಂಗಡಿಗೇ ಬಂದು ಕೊಯ್ದುಕೊಂಡು ಹೋಗಿರೆಂದೆ. ಒಬ್ಬರು ಬರುತ್ತಿದ್ದಾರೆ.

ಉಸ್ತಾದರ ಪೆಟ್ಟಿಗೆಗಳನ್ನು ರಂಜಾನ್ ಮುಗಿದ ಮೇಲೆ ಮತ್ತೆ ಒಯ್ದೆ. ಅವರು ಒಂದೊಂದನ್ನೂ ಗಾಜಿನ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿದರು. ಆಮೇಲೆ ಒಂದು ಕಾಗದದ ಮೇಲೆ ಹುಕ್ಕಾದ ತಳದ ಅಳತೆ ಬರೆದುಕೊಟ್ಟರು, ಅದಕ್ಕೆ ಎಂಟು ಮೂಲೆಯ ಪೆಟ್ಟಿಗೆ ಬೇಕಂತೆ. ಅದರ ಕೋನಕ್ಕೆ ಮೂರನೆಯ ಬಂಡಿ ಬೇಕಾಗುತ್ತದೆ.

ಈ ವಾರ ಹಳೆಯ ಬಂಡಿಯ ಸೀಳನ್ನು ದುರಸ್ತಿ ಮಾಡಿದ್ದೇನೆ. ಬ್ಲೇಡು ಬದಲಿಸಿ ಬದಲಿಸಿ ಸೀಳು ಅಗಲವಾಗಿ, ಮರದ ಕೆಳ ಅಂಚು ಸಿಬಿರೇಳುತ್ತಿತ್ತು. ಸೀಳಿನ ಮೇಲೆ 3 ಮಿಲಿಮೀಟರಿನ ತೆಳು ಹಲಗೆ ಅಂಟಿಸಿ ಹೊಸದಾಗಿ ಕೊಯ್ದೆ. ತಳ ದಪ್ಪವಾದ್ದರಿಂದ ಬ್ಲೇಡನ್ನು ಅಷ್ಟು ಹೆಚ್ಚು ಏರಿಸಬೇಕಾಗುತ್ತದೆ. ಆಚೆಯ ತಡೆಪಟ್ಟಿಯ ಜಾಗವನ್ನೂ ಮತ್ತೆ ಅಳೆದು ಬಿಗಿದೆ. ಗಟ್ಟಿಯ ಬಣ್ಣ ಕೈಯುಜ್ಜಿ ಮಾಸಿತ್ತು. ನಿನ್ನೆ ಕಾಕಾ ತಾವೇ ಬ್ರಷ್ ಹಿಡಿದು ಅದಕ್ಕೆ ಎರಡು ಕೈ ಕೆಂಪು ಬಳಿದಿದ್ದಾರೆ. ಇನ್ನೂ ಒಣಗಿಲ್ಲ. ಒಣಗುವವರೆಗೆ ಬಂಡಿಯನ್ನು ಮುಟ್ಟಬೇಡವೆಂದು ತಮ್ಮನಿಗೆ ಹೇಳಿದ್ದೇನೆ.